ಕಣ್ಣು ಮಿಟುಕಿಸಬಾರದ ಮನೆ

ಚಾಮರಾಜಪೇಟೆಯ ನಮ್ಮ ಮನೆ ರೈಲಿನ ಬೋಗಿಯ ಹಾಗೆ ಉದ್ದಕ್ಕಿತ್ತು. ಬೀದಿಗೆ ಜಗಲಿ, ಅದರ ಹಿಂದೆ ಅಪ್ಪನ ಕೋಣೆ, ಆಮೇಲೆ ನಡುಮನೆ, ಅಡುಗೆಮನೆ, ಬಚ್ಚಲು, ಕಟ್ಟಕಡೆಗೆ ಒಗೆಯುವ ಕಲ್ಲು ಹಾಕಿದ್ದ ಪುಟ್ಟ ಹಿತ್ತಲು. ಎಲ್ಲ ಬಾಗಿಲುಗಳೂ ಒಂದೇ ಸಾಲಿನಲ್ಲಿದ್ದುದರಿಂದ ಜಗಲಿಯಲ್ಲಿ ನಿಂತವರಿಗೆ ಹಿತ್ತಲಿನ ದಾಸವಾಳದ ಗಿಡ ಕಾಣುತ್ತಿತ್ತು. ಅಪ್ಪ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಬೆನ್ನೆಲುಬಿರುವ ಪ್ರಾಣಿಗಳಿಗೆಲ್ಲ, ಮೀನಿನಿಂದ ಮನುಷ್ಯನವರೆಗೆ, ನರಮಂಡಲದ ನಕ್ಷೆ ಒಂದೇ ಎಂದು ನನಗೂ ನನ್ನ ತಮ್ಮ ಸುಧಿಗೂ ಅವರು ಹೇಳಿಕೊಟ್ಟದ್ದು ಈ ಮನೆಯನ್ನೇ ತೋರಿಸಿ. ಮುಂದಿನ ಕೋಣೆ ಮೆದುಳು. ಬಾಗಿಲುಗಳ ಸಾಲು ಬೆನ್ನುಹುರಿ. ಅಲ್ಲಿಂದ ಎರಡೂ ಪಕ್ಕಕ್ಕೆ ನರಗಳು ಹೊರಡುತ್ತವೆ; ಕೆಲವು ಒಳಗೆ ಸುದ್ದಿ ತರುತ್ತವೆ, ಕೆಲವು ಹೊರಗೆ ಅಪ್ಪಣೆ ಒಯ್ಯುತ್ತವೆ. ತಾವು ಕೂರುವ ಕೋಣೆಯೇ ಮೆದುಳು ಎಂಬುದರಲ್ಲಿ ಅಪ್ಪನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅಲ್ಲಿಂದ ಅವರು ಕಾಫಿ ಎಂದರೆ ಅಡುಗೆಮನೆಯಲ್ಲಿ ಲೋಟ ಸದ್ದು ಮಾಡಬೇಕಿತ್ತು.

ಆ ಮನೆಗೆ ಇನ್ನೊಂದು ನರಮಂಡಲವಿತ್ತು, ಅದು ಅಪ್ಪನಿಗೆ ಗೊತ್ತಿರಲಿಲ್ಲ. ಸಂಜೆ ಗೇಟಿನಾಚೆ ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಸದ್ದು ಕೇಳಿದೊಡನೆ ಅಮ್ಮನ ಕೈ ರೇಡಿಯೊ ಆರಿಸುತ್ತಿತ್ತು, ಸುಧಿ ಪುಸ್ತಕ ಬಿಚ್ಚುತ್ತಿದ್ದ, ನಾನು ಜಗಲಿಯ ಚಪ್ಪಲಿಗಳನ್ನು ಸಾಲಾಗಿ ಇಡುತ್ತಿದ್ದೆ. ಯಾರೂ ಯಾರಿಗೂ ಹೇಳುವ ಅಗತ್ಯವಿರಲಿಲ್ಲ. ಸ್ಟ್ಯಾಂಡನ್ನು ಕಾಲಿನಿಂದ ಒದ್ದ ಸದ್ದಾದರೆ ಅವತ್ತು ಯಾರಿಗೋ ಬೀಳುವುದು ಖಚಿತ. ಸಾರಿಗೆ ಉಪ್ಪು ಹೆಚ್ಚಾದರೆ ಅಮ್ಮನಿಗೆ, ಪೆನ್ನಿನ ಮುಚ್ಚಳ ಕಳೆದರೆ ಸುಧಿಗೆ, ಯಾಕೆ ಹೊಡೀತೀರಿ ಎಂಬ ಹಾಗೆ ನೋಡಿದರೆ ನನಗೆ. ಅಪ್ಪ ಕುಡಿಯುತ್ತಿರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಕುಡಿದು ಹೆಂಡತಿಯನ್ನು ಬಡಿಯುವವನೊಬ್ಬನಿದ್ದ. ಬೆಳಿಗ್ಗೆ ಅವನು ಜಗಲಿಯ ಮೇಲೆ ಕೂತು ಅಳುವುದನ್ನು ನಾವೇ ನೋಡಿದ್ದೆವು. ನಮ್ಮಪ್ಪ ಹೊಡೆಯುತ್ತಿದ್ದುದು ಸ್ನಾನ, ಸಂಧ್ಯಾವಂದನೆ ಮುಗಿಸಿ, ಪೂರ್ತಿ ಎಚ್ಚರದಲ್ಲಿ, ಕಾರಣ ವಿವರಿಸಿ. ಅಳುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಮಳೆಗಾಲದಲ್ಲಿ ಕಾಲೇಜಿಗೆ ಕಪ್ಪೆ ತಂದುಕೊಡುವವನು ಒದ್ದೆ ಗೋಣಿಚೀಲದಲ್ಲಿ ಕೆಲವನ್ನು ನಮ್ಮ ಮನೆಗೂ ತಂದು ಹಾಕುತ್ತಿದ್ದ. ಪರೀಕ್ಷೆ ಹತ್ತಿರವಾದಾಗ ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳಲು ಬರುತ್ತಿದ್ದರು. ಅಲ್ಲಿಯವರೆಗೆ ಅವು ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ, ಮೇಲೆ ಹಲಗೆ, ಹಲಗೆಯ ಮೇಲೆ ರುಬ್ಬುವ ಗುಂಡು. ಈರುಳ್ಳಿಗೂ ಪ್ರವೇಶವಿಲ್ಲದ ಮನೆ ನಮ್ಮದು. ಒಳಗೆ ಅಮ್ಮ ಮಡಿಯಲ್ಲಿ ಅನ್ನ ಬಸಿಯುತ್ತಿದ್ದರೆ ಹೊರಗೆ ಒಗೆಯುವ ಕಲ್ಲಿನ ಮೇಲೆ ಅಪ್ಪ ಕಪ್ಪೆಯ ಕುತ್ತಿಗೆಗೆ ಸೂಜಿ ಇಳಿಸುತ್ತಿದ್ದರು. ಏಕಾದಶಿಯ ದಿನವಾದರೂ ಬೇಡ ಎಂದು ಅಮ್ಮ ಒಮ್ಮೆ ಬೇಡಿಕೊಂಡಳು. ವಿದ್ಯೆಗೆ ಮೈಲಿಗೆಯಿಲ್ಲ ಎಂದು ಅಪ್ಪ ಹೇಳಿದರು. ಹೇಳಿದ್ದು ಮನಸ್ಸಿಗೆ ಇಳಿಯಲೆಂದು ಕೆನ್ನೆಗೂ ಬಾರಿಸಿದರು. ಆಮೇಲೆ ಕೈ ತೊಳೆದುಕೊಂಡು ಬಂದು ಪೂಜೆಗೆ ಕೂತರು.

ಸುಧಿ ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ನಮ್ಮಿಬ್ಬರನ್ನೂ ಆ ಕಲ್ಲಿನ ಮುಂದೆ ನಿಲ್ಲಿಸಿದರು. ಕಪ್ಪೆಯ ತಲೆಯನ್ನು ತೋರುಬೆರಳಿನಿಂದ ಬಗ್ಗಿಸಿ, ತಲೆಯೂ ಬೆನ್ನೂ ಸೇರುವ ಸಂದು ಉಗುರಿಗೆ ಸಿಕ್ಕ ಕೂಡಲೇ ಸೂಜಿ ಚುಚ್ಚಿ, ಮುಂದಕ್ಕೆ ಬುರುಡೆಯೊಳಗೆ ತೂರಿಸಿ ತಿರುವಿದರು. ಹಿಂಗಾಲುಗಳು ಒಮ್ಮೆ ಸೆಟೆದು ಜೋತುಬಿದ್ದವು. ಇದರ ಮೆದುಳು ಈಗ ಗಂಜಿಯಾಯಿತು ಎಂದರು. ಕಪ್ಪೆಯನ್ನು ಕೊಕ್ಕೆಗೆ ತೂಗುಹಾಕಿ, ಆಸಿಡ್ಡಿನಲ್ಲಿ ಅದ್ದಿದ ಕಾಗದದ ಚೂರನ್ನು ಅದರ ಪಕ್ಕೆಗೆ ಅಂಟಿಸಿದರು. ಸತ್ತೇಹೋಯಿತೆಂದು ನಾನು ತಿಳಿದಿದ್ದ ಕಪ್ಪೆ ಕಾಲೆತ್ತಿ, ಪಕ್ಕೆಯನ್ನು ಸವರಿ, ಆ ಕಾಗದವನ್ನು ಒರೆಸಿ ಬೀಳಿಸಿತು. ಸುಧಿ ವಾಂತಿ ಮಾಡಿಕೊಂಡ. ಅವನ ತಲೆಯ ಹಿಂಭಾಗಕ್ಕೆ ಒಂದು ಬಿಟ್ಟು ಅಪ್ಪ ಪಾಠ ಮುಂದುವರಿಸಿದರು. ಸೂಜಿಯನ್ನು ಈಗ ಹಿಂದಕ್ಕೆ ತಿರುಗಿಸಿ ಬೆನ್ನುಹುರಿಯ ಉದ್ದಕ್ಕೂ ಇಳಿಸಿದರು. ಆಮೇಲೆ ಎಷ್ಟು ಕಾಗದ ಅಂಟಿಸಿದರೂ ಕಾಲು ಏಳಲಿಲ್ಲ. ಆಗ ಅಪ್ಪ ಹೇಳಿದ ಮಾತು ನಮ್ಮ ಮನೆಗೆ ಕಾನೂನಾಯಿತು:

“ಬಿಸಿ ತಾಗಿದ್ರೆ ಕೈ ಎಳ್ಕೊಳ್ಳೋದು, ಎದುರಿಗೆ ಏನಾದ್ರೂ ಬಂದ್ರೆ ಕಣ್ಣು ಮುಚ್ಚೋದು, ಇದೆಲ್ಲ ರಿಫ್ಲೆಕ್ಸು. ಇದಕ್ಕೆ ಮೆದುಳು ಬೇಕಿಲ್ಲ. ಮೆದುಳಿರೋದು ಅದನ್ನ ತಡೆಯೋಕೆ. ತಡೆಯೋಕಾಗದವನು ಕಪ್ಪೆ.”

ಅಲ್ಲಿಂದ ಮುಂದೆ ಭಾನುವಾರದ ಪರೀಕ್ಷೆ ಶುರುವಾಯಿತು. ಊಟಕ್ಕೆ ಮುಂಚೆ ನಡುಮನೆಯ ಕೆಂಪು ನೆಲದ ಮೇಲೆ ನಾವಿಬ್ಬರೂ ಚಕ್ಕಂಬಕ್ಕಳ ಹಾಕಿ ಕೂರಬೇಕು. ಅಪ್ಪ ಎದುರಿಗೆ ಮಣೆಯ ಮೇಲೆ ಕೂತು, ಏನೋ ಬೇರೆ ಮಾತಾಡುತ್ತ, ಇದ್ದಕ್ಕಿದ್ದ ಹಾಗೆ ಅಂಗೈಯನ್ನು ನಮ್ಮ ಮುಖಕ್ಕೆ ಬೀಸುವರು. ಅದು ಮೂಗಿನಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಲ್ಲುತ್ತಿತ್ತು. ಕಣ್ಣು ಮಿಟುಕಿಸದಿದ್ದರೆ ಪಾಸು. ಮಿಟುಕಿಸಿದರೆ ಫೇಲು, ಎರಡನೆಯ ಸಲ ಆ ಕೈ ನಿಲ್ಲುತ್ತಿರಲಿಲ್ಲ. ನಾನು ಬೇಗ ಕಲಿತೆ. ಅಪ್ಪನ ಹುಬ್ಬಿನ ಮೇಲೊಂದು ಮಚ್ಚೆ ಇತ್ತು. ಅದನ್ನೇ ನೋಡುತ್ತ, ನನ್ನ ಮುಖ ನನ್ನದಲ್ಲ, ಪಕ್ಕದ ಮನೆಯವರದು ಎಂದುಕೊಳ್ಳುತ್ತಿದ್ದೆ. ಕೈ ಬಂದು ಹೋಗುತ್ತಿತ್ತು. ಇವಳದು ಮೆದುಳು ಎಂದು ಅಪ್ಪ ಹೇಳಿದಾಗ ನನಗೆ ಕುಣಿಯುವಷ್ಟು ಸಂತೋಷವಾಗುತ್ತಿತ್ತು. ಅಪ್ಪ ಯಾರನ್ನೂ ಹೊಗಳದ ಮನುಷ್ಯ.

ಸುಧಿ ಒಂದು ಭಾನುವಾರವೂ ಪಾಸಾಗಲಿಲ್ಲ. ಶನಿವಾರ ಸಂಜೆ ಅವನನ್ನು ಜಗಲಿಯ ಮೂಲೆಯಲ್ಲಿ ಕೂರಿಸಿಕೊಂಡು ನಾನು ಅಭ್ಯಾಸ ಮಾಡಿಸುತ್ತಿದ್ದೆ. ಮಚ್ಚೆ ನೋಡೋ ಎಂದರೆ, ಮಚ್ಚೆ ಕಾಣಲ್ಲ ಕಣೆ, ಕೈ ಮಾತ್ರ ಕಾಣತ್ತೆ ಎನ್ನುತ್ತಿದ್ದ. ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ಹಿಡಿದುಕೊಂಡು ನೋಡಿದ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ನೋಡಿದ. ಭಾನುವಾರ ಕೈ ಹೊರಡುವ ಮೊದಲೇ ಅವನ ಕಣ್ಣು ಮುಚ್ಚಿಹೋಗುತ್ತಿತ್ತು. ಆಮೇಲೆ ಚಟಾರೆಂದು ಸದ್ದು. ಕ್ರಮೇಣ ಅಪ್ಪ ಅವನ ಹೆಸರನ್ನೇ ಬಿಟ್ಟರು. ಕಪ್ಪೆ, ಪೇಪರ್ ತಗೊಂಡು ಬಾ. ಕಪ್ಪೆ, ಮಾರ್ಕ್ಸ್ ಎಷ್ಟು. ಬಂದ ನೆಂಟರೆದುರಿಗೂ ಅದೇ. ನೆಂಟರು ಮುದ್ದಿನ ಹೆಸರೆಂದು ತಿಳಿದು ನಗುತ್ತಿದ್ದರು. ಸುಧಿಯೂ ಅವರ ಜೊತೆ ನಗುತ್ತಿದ್ದ, ಮತ್ತು ನನ್ನ ಪುಟ್ಟ ತಮ್ಮ ತನ್ನ ತಲೆಯೊಳಗೆ ಏನೋ ಇಲ್ಲವೆಂದು ನಿಜವಾಗಿ ನಂಬತೊಡಗಿದ್ದ. ಪೆಟ್ಟುಗಳಿಗಿಂತ ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ.

ಆ ಮನೆಯಲ್ಲಿ ಪೆಟ್ಟು ಬೀಳದ ಹೊತ್ತೆಂದರೆ ಊಟದ ಹೊತ್ತು. ಅಪ್ಪ ಆಚಾರವಂತರು. ಎಲೆಯ ಸುತ್ತ ನೀರು ಕಟ್ಟಿ, ಮಂತ್ರ ಹೇಳಿ ಊಟಕ್ಕೆ ಕೈ ಹಾಕಿದ ಮೇಲೆ ಮುಗಿಯುವವರೆಗೆ ಎದ್ದೇಳುವ ಹಾಗಿಲ್ಲ. ಬಲಗೈ ಎಂಜಲು, ಎಂಜಲು ಕೈಯಿಂದ ಇನ್ನೊಬ್ಬರನ್ನು ಮುಟ್ಟುವ ಹಾಗಿಲ್ಲ. ನಮ್ಮ ಕೆನ್ನೆಗಳನ್ನು ಕಾಪಾಡಿದ್ದು ಕರುಣೆಯಲ್ಲ, ಎಂಜಲು. ಅಮ್ಮ ಇದನ್ನು ಚೆನ್ನಾಗಿ ಅರಿತಿದ್ದಳು. ಸ್ಟ್ಯಾಂಡಿನ ಸದ್ದು ಕೆಟ್ಟದಾಗಿದ್ದ ದಿನ ಅನ್ನ ಅರೆಬೆಂದಿದ್ದರೂ ಎಲೆ ಹಾಕಿಬಿಡುತ್ತಿದ್ದಳು. ಭಾನುವಾರ ಪರೀಕ್ಷೆ ನಡೆಯುತ್ತಿರುವಾಗಲೇ ಬಡಿಸಾಯಿತು, ಆರಿಹೋಗತ್ತೆ ಎಂದು ಅಡುಗೆಮನೆಯಿಂದ ಕೂಗುತ್ತಿದ್ದಳು. ನಾವು ಕೇಳಬೇಕಾದ್ದನ್ನೆಲ್ಲ, ಶಾಲೆಯ ಫೀಸು, ಹರಿದ ಚಪ್ಪಲಿ, ಕಮ್ಮಿ ಬಂದ ಮಾರ್ಕ್ಸು, ಅಪ್ಪ ಮೊದಲ ತುತ್ತು ಬಾಯಿಗಿಟ್ಟ ಮೇಲೆ ಹೇಳುತ್ತಿದ್ದೆವು. ನಾನು ಇವತ್ತಿಗೂ ಕಷ್ಟದ ಮಾತನ್ನು ಎದುರಿನವರು ಊಟಕ್ಕೆ ಕೂತಾಗಲೇ ತೆಗೆಯುತ್ತೇನೆ. ನನ್ನ ಗಂಡ ಇದನ್ನು ಕೆಟ್ಟ ಅಭ್ಯಾಸ ಎನ್ನುತ್ತಾನೆ.

ಸುಧಿಗೆ ಹತ್ತು ವರ್ಷವಾಗಿದ್ದಾಗಿನ ಆ ಭಾನುವಾರವೂ ನಾವು ಅಷ್ಟೇ ಧೈರ್ಯವಾಗಿ ಎಲೆಯ ಮುಂದೆ ಕೂತಿದ್ದೆವು. ಪರೀಕ್ಷೆ ಮುಗಿದಿತ್ತು. ಸುಧಿಯ ಕೆನ್ನೆಯ ಮೇಲೆ ಬೆರಳುಗಳ ಬಾಸುಂಡೆ ಎದ್ದಿತ್ತು. ಅಪ್ಪನ ಎಡಕ್ಕೆ ಅವನು, ಅವನಾಚೆ ನಾನು. ಅಮ್ಮ ಒಲೆಯಿಂದ ಆಗಷ್ಟೇ ಇಳಿಸಿದ ಸಾರಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಂದು ಅಪ್ಪನೆದುರು ಇಟ್ಟಳು. ಅಪ್ಪ ಅನ್ನ ಕಲಸಲು ಕೈ ಹಾಕಿದ್ದನ್ನು ನೋಡಿಕೊಂಡು ಸುಧಿ ಬಾಯಿ ಬಿಟ್ಟ. ಅವತ್ತು ಅವನು ಫೀಸಿನ ವಿಷಯ ಎತ್ತಲಿಲ್ಲ.

“ಅಪ್ಪ, ಮೆದುಳು ತೆಗೆದಿರೋ ಕಪ್ಪೆ ಆಸಿಡ್ ಒರೆಸ್ಕೊಳ್ತಲ್ಲ, ಅದಕ್ಕೆ ನೋವಾಗಿರ್ಬೇಕು ಅಲ್ವಾ?”

ನೋವು ಗೊತ್ತಾಗುವುದಕ್ಕೆ ಮೆದುಳು ಬೇಕು, ಅದಕ್ಕೆ ಮೆದುಳೇ ಇರಲಿಲ್ಲವಲ್ಲ ಎಂದರು ಅಪ್ಪ. ಪಾಠದ ಪ್ರಶ್ನೆ ಬಂದದ್ದರಿಂದ ಅವರಿಗೆ ಸಮಾಧಾನವೇ ಆಗಿತ್ತು. ಸುಧಿ ಎಲೆಯನ್ನು ನೋಡುತ್ತಲೇ ಮುಂದಿನ ಮಾತು ಹೇಳಿದ.

“ಮತ್ತೆ ನನ್ನ ಕಪ್ಪೆ ಅಂತೀರಲ್ಲ. ನಂಗೆ ನೋವಾಗತ್ತೆ.”

ಅಪ್ಪ ಬಲಗೈಯನ್ನು ಅನ್ನದಲ್ಲೇ ಬಿಟ್ಟರು. ಎಡಗೈ ಎಂಜಲಲ್ಲ ಎಂಬುದು ನಮ್ಮ ಬುದ್ಧಿಗೆ ಯಾವತ್ತೂ ಹೊಳೆದಿರಲಿಲ್ಲ. ನೀರಿನ ಹಿತ್ತಾಳೆ ಚೊಂಬು ಅವರ ಎಡಗೈ ಪಕ್ಕದಲ್ಲೇ ಇತ್ತು. ಅದನ್ನು ಕತ್ತಿನಲ್ಲಿ ಹಿಡಿದು ತಿರುಗಿಯೂ ನೋಡದೆ ಬೀಸಿದರು. ಅದು ಸುಧಿಯ ಬಲಗಿವಿಗೆ ತುಂಬು ಬಿಂದಿಗೆ ನೆಲಕ್ಕೆ ಬಿದ್ದ ಹಾಗೆ ಬಡಿಯಿತು. ಅವನು ನನ್ನ ಎಲೆಯ ಮೇಲೆ ಬಿದ್ದ. ನೀರು, ಅನ್ನ, ಅವನ ಕಿವಿಯಿಂದ ಬರುತ್ತಿದ್ದ ರಕ್ತ ಎಲ್ಲ ನನ್ನ ಲಂಗದ ಮೇಲೆ ಹರಿಯಿತು. ಅವನು ಅಳಲಿಲ್ಲ, ಬಾಯಿ ಮಾತ್ರ ತೆರೆದಿತ್ತು. ಅಪ್ಪ ಚೊಂಬನ್ನು ಕೆಳಗಿಟ್ಟು, ಸಾರು ಹಾಕು ಎಂದರು.

ಅಮ್ಮ ಹಾಕಿದಳು. ಸೌಟು ತುಂಬ ಕುದಿಯುವ ಸಾರನ್ನು ಅನ್ನದ ಮೇಲಿದ್ದ ಅಪ್ಪನ ಕೈಯ ಮೇಲೆ, ಮಣಿಕಟ್ಟಿನಿಂದ ಬೆರಳಿನವರೆಗೆ, ನಿಧಾನವಾಗಿ ಸುರಿದಳು. ಅಪ್ಪನ ಕೈ ಅವರನ್ನು ಕೇಳದೆ ಎದೆಗೆ ಹಾರಿತು. ಅವರು ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮ ಇನ್ನೊಂದು ಸೌಟು ತುಂಬಿಕೊಂಡು ಹಾಗೆಯೇ ನಿಂತಿದ್ದಳು. ಅವಳ ದನಿ ಏರಲಿಲ್ಲ.

“ಕೈ ಎಳ್ಕೊಂಡ್ರಲ್ಲ. ಮೆದುಳಿತ್ತಲ್ಲ ನಿಮ್ಗೆ, ತಡೀಬೇಕಿತ್ತು.”

ಅಪ್ಪ ಎದ್ದರು, ಊಟದ ನಡುವೆ, ಮೊದಲ ಸಲ. ಸಾರಿನ ಪಾತ್ರೆಯನ್ನು ಒದ್ದರು. ಸಾರು ಅಮ್ಮನ ಎರಡೂ ಪಾದಗಳ ಮೇಲೆ ಹರಿದು ಹೊಸ್ತಿಲವರೆಗೆ ಹೋಯಿತು. ಅಮ್ಮ ನಿಂತಲ್ಲಿಂದ ಕದಲಲಿಲ್ಲ. ಕೈಯಲ್ಲಿದ್ದ ಸೌಟನ್ನು ಅಪ್ಪನ ಮುಖಕ್ಕೆ ಎಸೆದಳು. ಅದು ಹುಬ್ಬಿಗೆ ತಾಗಿತು, ಆ ಮಚ್ಚೆಯ ಪಕ್ಕಕ್ಕೇ. ಅಪ್ಪ ಅವಳ ಜಡೆ ಹಿಡಿದು ಬಾಗಿಲ ಚೌಕಟ್ಟಿಗೆ ಬಡಿದರು. ಆಮೇಲೆ ಮುಂದಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ಬಹಳ ಹೊತ್ತು ಆ ಕೋಣೆಯಿಂದ ಯಾವ ಅಪ್ಪಣೆಯೂ ಬರಲಿಲ್ಲ. ನಾನು ನೆಲ ಒರೆಸಿದೆ.

ಸುಧಿಯನ್ನು ಅಮ್ಮ ಕಿವಿಗೆ ಹತ್ತಿ ಇಟ್ಟು ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಬಚ್ಚಲಿನಲ್ಲಿ ಜಾರಿ ಬಿದ್ದ ಎಂದು ಹೇಳಿದಳಂತೆ. ಹಣೆ ಊದಿದ ಹೆಂಗಸು, ಕಿವಿ ಒಡೆದ ಹುಡುಗ, ಇಬ್ಬರೂ ಒಂದೇ ಬಚ್ಚಲಿನಲ್ಲಿ ಜಾರಿದ್ದು ಹೇಗೆಂದು ಡಾಕ್ಟರು ಕೇಳಲಿಲ್ಲ. ಅಲ್ಲಿಂದ ನೇರವಾಗಿ ಶೇಷಾದ್ರಿಪುರದಲ್ಲಿದ್ದ ಸೋದರಮಾವನ ಮನೆಗೆ ಹೋಗಿ, ಇವನು ಇನ್ನು ಮೇಲೆ ಇಲ್ಲೇ ಇರ್ತಾನೆ ಎಂದು ಅವನನ್ನು ಬಿಟ್ಟು ಬಂದಳು. ನಾನೂ ಹೋಗುತ್ತೇನೆಂದು ಬಟ್ಟೆ ಮಡಿಸಿಟ್ಟುಕೊಂಡಿದ್ದೆ. ಅಮ್ಮ ಸುಟ್ಟ ಪಾದಗಳನ್ನು ಚಾಚಿಕೊಂಡು ನಡುಮನೆಯಲ್ಲಿ ಕೂತು ನನ್ನನ್ನು ನೋಡಿದಳು.

“ನೀನು ಗಟ್ಟಿ ಉಷಾ. ನಿಂಗೇನೂ ಆಗಲ್ಲ.”

ನನ್ನ ಜೀವನದಲ್ಲಿ ಯಾರೂ ನನಗೆ ಇದಕ್ಕಿಂತ ಕೆಟ್ಟ ಮಾತು ಹೇಳಿಲ್ಲ. ಅಮ್ಮ ಅದನ್ನು ಪ್ರೀತಿಯಿಂದಲೇ ಹೇಳಿದಳು. ಕಣ್ಣು ಮಿಟುಕಿಸುವವನನ್ನು ಕಾಪಾಡಬೇಕು, ಮಿಟುಕಿಸದವಳಿಗೆ ಏನೂ ಆಗುವುದಿಲ್ಲ ಎಂಬುದು ಆ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೂ ಒಪ್ಪಿದ ಒಂದೇ ಒಂದು ವಿಷಯ. ಭಾನುವಾರದ ಪರೀಕ್ಷೆ ನಿಂತಿತು. ಅಪ್ಪನ ಕೈ ಲ್ಯಾಬಿನ ಸ್ಪಿರಿಟ್ ದೀಪಕ್ಕೆ ಸುಟ್ಟಿತೆಂದು ಕಾಲೇಜಿನಲ್ಲಿ ನಂಬಿದರು. ಹೊಡೆತ ನಿಲ್ಲಲಿಲ್ಲ. ಸುಧಿಯ ಪಾಲೂ ನನಗೇ ಬಂತು, ನಾನು ಸದ್ದಿಲ್ಲದೆ ತಿಂದೆ, ಸದ್ದಿಲ್ಲದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ. ನನ್ನ ಹೆರಿಗೆಯ ದಿನ ನರ್ಸು, ನೀವು ಕೂಗೋದೇ ಇಲ್ಲವಲ್ಲ, ನಮಗೆ ಹೇಗೆ ಗೊತ್ತಾಗಬೇಕು ಎಂದು ಬೈದಳು.

ಸುಧಿ ಮಾವನ ಮನೆಯಲ್ಲಿ ಬೆಳೆದ. ಬಲಗಿವಿ ಮತ್ತೆ ಕೇಳಿಸಲಿಲ್ಲ. ಪಿಯುಸಿಯಲ್ಲಿ ಸೈನ್ಸ್ ತಗೋ ಎಂದು ಸ್ಕೂಲಿನ ಮೇಷ್ಟ್ರು ಹೇಳಿದರೂ ಅವನು ಒಪ್ಪಲಿಲ್ಲ. ಓದು ನಿಲ್ಲಿಸಿ ಕಾಟನ್‌ಪೇಟೆಯ ಸಗಟು ಬಟ್ಟೆ ಅಂಗಡಿಯೊಂದಕ್ಕೆ ಸೇರಿದ, ಈಗಲೂ ಅಲ್ಲೇ ಇದ್ದಾನೆ. ಯಾವುದೇ ಬಟ್ಟೆಯನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡಿ ಅದು ಯಾವ ಮಗ್ಗದ್ದೆಂದು ಹೇಳುತ್ತಾನೆ. ಅದನ್ನು ಹೊಗಳಿದರೆ, ಅದು ಬೆರಳಿಗೆ ಗೊತ್ತು ಕಣೆ, ನಂಗೆ ಮೇಲೆ ಏನೂ ಇಲ್ಲ ಎಂದು ತಲೆ ತಟ್ಟಿಕೊಂಡು ನಗುತ್ತಾನೆ. ಅವನಿಗೆ ಕೂದಲು ನೆರೆತ ಮೇಲೂ ಆ ನಗು ನೋಡಿದರೆ ನನಗೆ ಯಾರನ್ನಾದರೂ ಬಡಿಯಬೇಕೆನಿಸುತ್ತದೆ. ಬೀದಿಯಲ್ಲಿ ಪಕ್ಕದವರು ಆಟೋಗೆ ಕೈ ಎತ್ತಿದರೂ ಅವನ ಕಣ್ಣು ಮುಚ್ಚಿ ತೆರೆಯುತ್ತದೆ.

ಅಮ್ಮ ತೀರಿಹೋಗಿ ಕೆಲವು ವರ್ಷಗಳಾದ ಮೇಲೆ, ಈಚೆಗೆ, ಅಪ್ಪನಿಗೆ ಲಕ್ವ ಹೊಡೆಯಿತು. ಮೆದುಳಿನ ಬಲಭಾಗದಲ್ಲಿ ರಕ್ತದ ಓಟ ನಿಂತು ದೇಹದ ಎಡಗಡೆ ಪೂರ್ತಿ ಬಿದ್ದುಹೋಯಿತು. ಚೊಂಬು ಬೀಸಿದ ಕೈ ಹಾಸಿಗೆಯ ಮೇಲೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಬೆಳಿಗ್ಗೆ ಡಾಕ್ಟರು ನೋಡಲು ಬಂದಾಗ ನಾನು ಮಂಚದ ಕಾಲಬಳಿ ಇದ್ದೆ, ಸುಧಿ ಗೋಡೆಗೆ ಒರಗಿ ನಿಂತಿದ್ದ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಮಂಡಿ ತಟ್ಟಿ ನೋಡಿದಳು, ಅಂಗಾಲು ಗೀರಿದಳು. ಆಮೇಲೆ ಗಾಳಿ ತಾಗದ ಹಾಗೆ ಬೆರಳುಗಳನ್ನು ಅಗಲಿಸಿ, ಅಪ್ಪನ ಎಡಗಡೆಯಿಂದ ಅವರ ಮುಖಕ್ಕೆ ಕೈ ಬೀಸಿದಳು. ಕೈ ಮೂಗಿನ ಹತ್ತಿರ ನಿಂತಿತು. ಅಪ್ಪ ಮಿಟುಕಿಸಲಿಲ್ಲ. ಇಷ್ಟು ವರ್ಷದ ಮೇಲೆ, ಬಿದ್ದಲ್ಲಿಂದಲೇ ಈ ಮನುಷ್ಯ ಪಾಸಾಗುತ್ತಿದ್ದಾನಲ್ಲ ಎಂದುಕೊಂಡೆ. ಅವಳು ಬಲಗಡೆಯಿಂದ ಬೀಸಿದಳು. ಅಪ್ಪನ ಎರಡು ಕಣ್ಣೂ ಗಟ್ಟಿಯಾಗಿ ಮುಚ್ಚಿಕೊಂಡವು. ಗೋಡೆಯ ಬಳಿ ಸುಧಿಯ ಕಣ್ಣೂ ಮುಚ್ಚಿದ್ದು ಕಂಡಿತು.

ಬಲಗಡೆ ಚೆನ್ನಾಗಿದೆ, ಎಡಗಡೆಯಿಂದ ಬರೋದು ಅವರ ಮೆದುಳಿಗೆ ಕಾಣ್ತಿಲ್ಲ ಎಂದಳು. ನಾನು ತಡೆಯಲಾರದೆ ಕೇಳಿದೆ, ಇದು ಬರೀ ರಿಫ್ಲೆಕ್ಸು ಅಲ್ಲವೇ, ಬೆನ್ನುಹುರಿಯದು, ಕಪ್ಪೆಗೂ ಇರುವಂಥದ್ದು?

“ಕೈ ಎಳ್ಕೊಳ್ಳೋದು ಬೆನ್ನುಹುರಿದು ಮೇಡಂ. ಇದು ಹಾಗಲ್ಲ. ಇದಕ್ಕೆ ಕಣ್ಣು ನೋಡಿದ್ದು ಮೇಲಿನ ಮೆದುಳಿಗೆ ಹೋಗಿ, ಅದು ಅಪಾಯ ಅಂತ ಅರ್ಥ ಆಗ್ಬೇಕು. ಹುಟ್ಟಿದ ಮಗೂಗೆ ಇದು ಇರೋದೇ ಇಲ್ಲ, ಆಮೇಲೆ ಕಲಿಯೋದು. ಮಿಟುಕಿಸಿದ್ರೆ ಮೆದುಳು ಕೆಲಸ ಮಾಡ್ತಿದೆ ಅಂತ ಅರ್ಥ.”

ನೋಡಿ ಎಂದು ನನ್ನ ಮುಖಕ್ಕೂ ಕೈ ಬೀಸಿದಳು. ಇನ್ನೊಮ್ಮೆ ಬೀಸಿದಳು. ನಿಮಗೆ ಕಣ್ಣು ಸರಿಯಾಗಿ ಕಾಣತ್ತಲ್ವಾ ಎಂದು ನಿಜವಾದ ಕಾಳಜಿಯಿಂದ ಕೇಳಿದಳು. ಅವಳಿಗೆ ಪ್ರಾಕ್ಟೀಸ್ ಇದೆ ಡಾಕ್ಟ್ರೇ ಎಂದ ಸುಧಿ. ಅವನು ಗೋಡೆಯನ್ನು ಬಿಟ್ಟು ಮುಂದೆ ಬಂದು, ಎಡಗಿವಿಯನ್ನು ಅವಳ ಕಡೆಗೆ ತಿರುಗಿಸಿದ.

“ಬಲಗಡೆ ಕಿವಿ ನಂಗೆ ಕೇಳ್ಸಲ್ಲ. ಆಗ ಹೇಳಿದ್ರಲ್ಲ, ಇನ್ನೊಂದ್ಸಲ ಹೇಳಿ. ಸ್ವಲ್ಪ ಜೋರಾಗಿ, ನಮ್ಮಪ್ಪಂಗೂ ಕೇಳೋ ಹಾಗೆ.”

ಅವಳು ಪೂರ್ತಿಯಾಗಿ, ಬಿಡಿಸಿ ಬಿಡಿಸಿ, ಮತ್ತೆ ಹೇಳಿದಳು. ಸುಧಿ ತಲೆ ಬಗ್ಗಿಸಿಕೊಂಡು ಕೇಳಿದ. ಅಪ್ಪನಿಗೂ ಕೇಳಿಸಿತು, ಅವರ ಬಾಯಿಯ ಒಂದು ಬದಿ ಏನೋ ಹೇಳಲು ಹೊರಟು ನಿಂತಿತು. ಅವಳು ಮುಂದಿನ ರೋಗಿಯ ಕಡೆಗೆ ಹೋದ ಮೇಲೆ ಸುಧಿ ಮಂಚದ ಬಲಕ್ಕೆ ಬಂದು, ಸ್ಟೂಲು ಎಳೆದುಕೊಂಡು ಅಪ್ಪನೆದುರು ಕೂತ. ಅವನು ನಗುತ್ತಿರಲಿಲ್ಲ. ಅವನ ಕೈ ಮೇಲೆದ್ದಿತು. ತಡೆಯಬೇಕೆಂದು ನನಗೆ ಅನ್ನಿಸಲಿಲ್ಲ. ಅದು ಬಲವಾಗಿ, ನಿಜವಾದ ಹೊಡೆತದಷ್ಟೇ ವೇಗವಾಗಿ ಬಂದು, ಅಪ್ಪನ ಮೂಗಿನಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತು. ಅಪ್ಪ ಕಣ್ಣು ಮುಚ್ಚಿ, ಕತ್ತನ್ನು ದಿಂಬಿನೊಳಕ್ಕೆ ಒತ್ತಿಕೊಂಡು, ಎರಡನೆಯದಕ್ಕೆ ಕಾಯುತ್ತಿದ್ದರು.

“ಪಾಸು,” ಎಂದ ಸುಧಿ.